ಗಂಡನ ಸಹಿ ಕೇಳಿದ್ದು ಯಾರು?

‘ಗಂಡ ಬಂದು ಸಹಿ ಹಾಕಲಿ, ಆಮೇಲೆ ನೋಡೋಣ.’

ಎರಡನೇ ಹೆರಿಗೆಗೆಂದು ಆಸ್ಪತ್ರೆ ಸೇರಿದ ಹೆಂಗಸು ‘ಇದರ ಜೊತೆಗೇ ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡಿಬಿಡಿ’ ಎಂದಾಗ ಸಿಗುವ ಉತ್ತರ ಸಾಮಾನ್ಯವಾಗಿ ಇದೇ. ಗಂಡ ದುಬೈನಲ್ಲಿದ್ದರೆ, ಲಾರಿ ಹತ್ತಿ ಹೊರಟುಹೋಗಿದ್ದರೆ, ಹೆಂಡತಿಯನ್ನು ಬಿಟ್ಟೇ ಹೋಗಿದ್ದರೆ ಮಾವನೋ ಮೈದುನನೋ ಬಂದು ಹೆಬ್ಬೆಟ್ಟು ಒತ್ತುವುದೂ ಉಂಟು. ಈ ಮಾತನ್ನು ಎಷ್ಟು ಕಾಲದಿಂದ ಕೇಳುತ್ತಾ ಬಂದಿದ್ದೇವೆಂದರೆ, ಕಾನೂನೇ ಹಾಗಿದೆ ಎಂದು ಡಾಕ್ಟರೂ ನಂಬಿದ್ದಾರೆ, ರೋಗಿಯೂ ನಂಬಿದ್ದಾರೆ. ಕಾನೂನು ಹಾಗಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2006ರಲ್ಲಿ ಹೊರಡಿಸಿದ ಸಂತಾನಶಕ್ತಿಹರಣ ಸೇವೆಗಳ ಮಾನದಂಡದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿದೆ: ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರ ಸಹಿ ಸಾಕು, ಸಂಗಾತಿಯ ಒಪ್ಪಿಗೆ ಬೇಕಿಲ್ಲ. ಹೆಂಗಸಿಗೂ ಅಷ್ಟೇ, ಗಂಡಸಿಗೂ ಅಷ್ಟೇ.

ಅದೇ ಮಾನದಂಡ ನಿಜವಾಗಿ ಬೇಕೇಬೇಕು ಎನ್ನುವ ಒಪ್ಪಿಗೆ ಒಂದಿದೆ. ಆಕೆಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಿರಬೇಕು, ಬೇರೆ ದಾರಿಗಳೂ ಇವೆ ಎಂದು ಹೇಳಿರಬೇಕು, ಒತ್ತಾಯ ಇರಕೂಡದು, ಮಂಪರಿನ ಮದ್ದು ಕೊಟ್ಟ ಮೇಲೆ ಸಹಿ ಹಾಕಿಸಕೂಡದು. ಇದರ ಬಗ್ಗೆ ಮಾತ್ರ ಗಂಡನ ಸಹಿಯ ಬಗ್ಗೆ ಇರುವ ಕಟ್ಟುನಿಟ್ಟಿನ ಕಾಲುಭಾಗವೂ ಕಾಣುವುದಿಲ್ಲ.

ಕರ್ನಾಟಕದಲ್ಲಿ ಇದು ಯಾರದೋ ಮನೆಯ ಸುದ್ದಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ದೇಶದ ಸರಾಸರಿ ಶೇ 38ರ ಆಸುಪಾಸು. ಗಂಡಸರ ವ್ಯಾಸೆಕ್ಟಮಿಯ ಪಾಲು ಇಡೀ ದೇಶದಲ್ಲಿ ಶೇ 0.3. ಅಂದರೆ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಹೆಚ್ಚುಕಡಿಮೆ ಹೆಂಗಸರ ಆಪರೇಷನ್, ಅಂದರೆ ಟ್ಯುಬೆಕ್ಟಮಿ ಎಂದೇ ಅರ್ಥ. ಹಲವರಿಗೆ ಅದು ಇಪ್ಪತ್ತೈದು ತುಂಬುವ ಮೊದಲೇ ಮುಗಿದಿರುತ್ತದೆ. ಜಗತ್ತಿನಲ್ಲೇ ಮೊದಲು ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದದ್ದು ಮೈಸೂರು ಸಂಸ್ಥಾನ, 1930ರಲ್ಲಿ. ತೊಂಬತ್ತು ವರ್ಷಗಳ ಆ ಪರಂಪರೆಯ ಕೊನೆಗೆ ಆಯ್ಕೆಗಳು ಹೆಚ್ಚುವ ಬದಲು ಒಂದೇ ಒಂದಕ್ಕೆ ಬಂದು ನಿಂತಿವೆ.

ಗಂಡಸರು ಈ ಲೆಕ್ಕದಿಂದ ಮಾಯವಾದದ್ದಕ್ಕೆ ಒಂದು ಇತಿಹಾಸ ಇದೆ. ಎಪ್ಪತ್ತರ ದಶಕದ ಶುರುವಿನಲ್ಲಿ ಆಪರೇಷನ್ ಎಂದರೆ ಬಹುಮಟ್ಟಿಗೆ ಗಂಡಸರದ್ದೇ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ವ್ಯಾಸೆಕ್ಟಮಿ ಆದವು. ಆಮೇಲೆ ಬಂತು ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳಾದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ಮೇಷ್ಟ್ರುಗಳಿಗೆ, ಗುಮಾಸ್ತರಿಗೆ, ಪೊಲೀಸರಿಗೆ ‘ಕೇಸು’ ತರುವ ಗುರಿ. ಕಡ್ಡಾಯ ಸಂತಾನಹರಣದ ಮಸೂದೆಯನ್ನು ಮಹಾರಾಷ್ಟ್ರದ ಶಾಸಕಾಂಗ ಪಾಸು ಮಾಡಿಯೇ ಬಿಟ್ಟಿತ್ತು. ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ, ಬಚಾವ್. 1977ರ ಚುನಾವಣೆ ಇಂದಿರಾ ಗಾಂಧಿಯವರಿಗೆ ಕಲಿಸಿದ ಪಾಠವನ್ನು ಎಲ್ಲ ಪಕ್ಷಗಳೂ ಕಲಿತವು: ಗಂಡಸರ ತಂಟೆಗೆ ಹೋಗಬಾರದು. ‘ಕುಟುಂಬ ಯೋಜನೆ’ ಇಲಾಖೆ ‘ಕುಟುಂಬ ಕಲ್ಯಾಣ’ ಇಲಾಖೆಯಾಯಿತು, ಹೊರೆ ಹೆಂಗಸರ ಹೊಟ್ಟೆಯ ಮೇಲೆ ಬಂತು. ಒಪ್ಪಿಗೆಯ ಪ್ರಶ್ನೆಯನ್ನು ಗಂಡಸರು ಮತಪೆಟ್ಟಿಗೆಯಲ್ಲಿ ಬಗೆಹರಿಸಿಕೊಂಡರು ಎನ್ನಬೇಕು. ಹೆಂಗಸರ ಪ್ರಶ್ನೆ ನ್ಯಾಯಾಲಯದ ಬಾಗಿಲಿಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು.

ಸಂತಾನಹರಣ ಶಸ್ತ್ರಚಿಕಿತ್ಸೆಗೆಂದೇ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಇರುವುದು ಸುಪ್ರೀಂ ಕೋರ್ಟಿನ ಆದೇಶಗಳು, ಅವುಗಳ ಬೆನ್ನಿಗೆ ಇಲಾಖೆ ಬರೆದ ಕೈಪಿಡಿಗಳು ಮತ್ತು ಒಪ್ಪಿಗೆಯ ಬಗ್ಗೆ ಸಾಮಾನ್ಯ ಕಾನೂನು. ಭಯದಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಹಳೆಯ ದಂಡಸಂಹಿತೆಯ 90ನೇ ಕಲಂ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಮೂ ಹೇಳುತ್ತದೆ. ರಮಾಕಾಂತ ರಾಯ್ ಎಂಬವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2005ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು: ಅರ್ಹ ವೈದ್ಯರ ಪಟ್ಟಿ ಇರಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಭರ್ತಿ ಮಾಡುವ ಚೆಕ್‌ಲಿಸ್ಟ್ ಇರಲಿ, ದೇಶಕ್ಕೆಲ್ಲ ಒಂದೇ ನಮೂನೆಯ ಒಪ್ಪಿಗೆ ಪತ್ರ ಇರಲಿ, ಜಿಲ್ಲೆ ಜಿಲ್ಲೆಗೂ ಗುಣಮಟ್ಟ ಸಮಿತಿ ಇರಲಿ. ಮರುವರ್ಷದ ಮಾನದಂಡ ಹುಟ್ಟಿದ್ದು ಈ ಆದೇಶದ ನೆರಳಿನಲ್ಲಿ.

ಆ ಒಪ್ಪಿಗೆ ಪತ್ರವನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಹೊರಗಿನ ಒತ್ತಡ, ಆಮಿಷ, ಬಲವಂತ ಯಾವುದೂ ಇಲ್ಲದೆ ನಾನೇ ತೀರ್ಮಾನಿಸಿದ್ದೇನೆ. ಗರ್ಭ ತಡೆಯುವ ಬೇರೆ ವಿಧಾನಗಳೂ ನನಗೆ ಲಭ್ಯ ಎಂದು ಗೊತ್ತಿದೆ. ಈ ಆಪರೇಷನ್ ವ್ಯವಹಾರದ ಮಟ್ಟಿಗೆ ಶಾಶ್ವತ ಎಂದು ತಿಳಿದಿದ್ದೇನೆ, ಆದರೂ ವಿಫಲವಾಗುವ ಸಾಧ್ಯತೆ ಇದೆ ಎಂಬುದನ್ನೂ ತಿಳಿದಿದ್ದೇನೆ. ಅಪಾಯ ಇದೆ ಎಂದು ಬಲ್ಲೆ. ಮುಟ್ಟು ನಿಂತರೆ ಎರಡು ವಾರದೊಳಗೆ ಬಂದು ಹೇಳುತ್ತೇನೆ. ಆಗ ಗರ್ಭಪಾತ ಬೇಕಾದರೆ ಉಚಿತವಾಗಿ ಸಿಗುತ್ತದೆ. ಇಂಥ ಹತ್ತಾರು ಕಲಮುಗಳು. ಓದು ಬಾರದವರಿದ್ದರೆ ಯಾರು ಓದಿ ಹೇಳಿದರು ಎಂದು ಅವರೂ ಸಹಿ ಮಾಡಬೇಕು. ಕಾಗದದ ಮಟ್ಟಿಗೆ ಇದು ಒಳ್ಳೆಯ ಕೆಲಸವೇ. ಇದರಲ್ಲಿರುವುದನ್ನು ಬಿಡಿಸಿ ಹೇಳಲು, ನಡುವೆ ಬರುವ ಎರಡು ಪ್ರಶ್ನೆಗೆ ಉತ್ತರ ಕೊಡಲು ಅರ್ಧ ಗಂಟೆಯಾದರೂ ಬೇಕು.

ಇನ್ನು ಹೆರಿಗೆ ವಾರ್ಡಿನಲ್ಲಿ ಈ ಕಾಗದದ ಪ್ರಯಾಣ. ರಟ್ಟಿಗೆ ಕ್ಲಿಪ್ ಹಾಕಿದ ಹತ್ತು ಹನ್ನೆರಡು ಹಾಳೆಯ ಕಟ್ಟು. ಮೇಲಿನದು ಸಿಸೇರಿಯನ್‌ಗೆ ಒಪ್ಪಿಗೆ, ಅದರಡಿ ಅರಿವಳಿಕೆಗೆ, ಅದರಡಿ ರಕ್ತ ಕೊಡುವುದಕ್ಕೆ, ಎಲ್ಲೋ ನಡುವೆ ಇದು. ಹೆಂಗಸಿಗೆ ನೋವು ಬರುತ್ತಿದೆ. ಸಿಸ್ಟರ್ ಬೆರಳಿಟ್ಟು ತೋರಿಸುತ್ತಾರೆ: ‘ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ.’ ಅಮ್ಮನೋ ಅತ್ತೆಯೋ ‘ಹಾಕಮ್ಮ ಬೇಗ, ಡಾಕ್ಟ್ರು ಕಾಯ್ತಿದ್ದಾರೆ’ ಎನ್ನುತ್ತಾರೆ. ಬ್ಯಾಂಕ್ ಸಾಲದ ಕಾಗದಕ್ಕೆ ಪುಟ ತಿರುವುತ್ತಾ ಸಹಿ ಹಾಕುವ ಹಾಗೆ ಅಲ್ಲಿ ಸಹಿ ಬೀಳುತ್ತದೆ. ಸಿಸ್ಟರ್ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ. ಒಂದು ರಾತ್ರಿಗೆ ಎಂಟು ಹೆರಿಗೆ ನೋಡುವವರಿಗೆ ಅರ್ಧ ಗಂಟೆ ಎಲ್ಲಿಂದ ತರಬೇಕು? ಆದರೆ ಈ ಮಾತನ್ನು ಆಡಬೇಕಾದದ್ದು ಈ ರಾತ್ರಿಯಲ್ಲ. ತಾಯಿ ಕಾರ್ಡ್ ಹಿಡಿದು ತಿಂಗಳು ತಿಂಗಳು ತಪಾಸಣೆಗೆ ಬರುತ್ತಿದ್ದಾಗ, ಐದನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ಆಡಬೇಕಿತ್ತು. ಹೆರಿಗೆ ನೋವಿನ ನಡುವೆ, ಒತ್ತಡದ ಗಳಿಗೆಯಲ್ಲಿ ಈ ಒಪ್ಪಿಗೆ ಕೇಳಬಾರದೆಂದು ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಿಗೋ ಕೂಡ ಹೇಳಿದೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲು ಇಲ್ಲಿದೆ. ಸಹಿ ಯಾರದು ಎಂಬ ಜಗಳದಲ್ಲಿ, ಸಹಿ ಯಾವಾಗ ಬಿತ್ತು ಎಂದು ಕೇಳುವವರೇ ಇಲ್ಲ.

ಹೊತ್ತಿನ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಎತ್ತಿದ್ದು ಬಿಹಾರದ ಒಂದು ರಾತ್ರಿಯ ಕಾರಣಕ್ಕೆ. 2012ರ ಜನವರಿ 7. ಅರಾರಿಯಾ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆ. ರಾತ್ರಿ ಎಂಟರಿಂದ ಹತ್ತರವರೆಗೆ, ಎರಡು ತಾಸಿನಲ್ಲಿ, ಒಬ್ಬನೇ ಸರ್ಜನ್ 53 ಹೆಂಗಸರಿಗೆ ಆಪರೇಷನ್ ಮಾಡಿದ. ಟಾರ್ಚ್ ಬೆಳಕು, ಮಕ್ಕಳು ಕೂರುವ ಡೆಸ್ಕುಗಳೇ ಮೇಜು. ಭಾಗಾಕಾರ ಮಾಡಿ ನೋಡಿ: ತಲೆಗೆ ಎರಡೂಕಾಲು ನಿಮಿಷ. ಒಬ್ಬಾಕೆ ಆಗ ಮೂರು ತಿಂಗಳ ಗರ್ಭಿಣಿ ಎಂದು ಅರ್ಜಿಯಲ್ಲಿತ್ತು. ದೇವಿಕಾ ಬಿಸ್ವಾಸ್ ಎಂಬ ಆರೋಗ್ಯ ಕಾರ್ಯಕರ್ತೆ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ, 2014ರ ನವೆಂಬರ್ 8ರಂದು ಛತ್ತೀಸಗಡದ ಬಿಲಾಸಪುರದ ಬಳಿ, ಬಳಕೆ ನಿಂತಿದ್ದ ಆಸ್ಪತ್ರೆ ಕಟ್ಟಡವೊಂದರಲ್ಲಿ ಒಬ್ಬ ವೈದ್ಯ ಒಂದೇ ಮಧ್ಯಾಹ್ನ 83 ಹೆಂಗಸರಿಗೆ ಲ್ಯಾಪ್ರೋಸ್ಕೋಪಿಯಿಂದ ಆಪರೇಷನ್ ಮಾಡಿ ಮುಗಿಸಿದ; ಆ ಶಿಬಿರದ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಕೂಡದೆಂಬ ನಿಯಮ ಕೈಪಿಡಿಯಲ್ಲಿ ಇದ್ದೇ ಇತ್ತು.

2016ರ ಸೆಪ್ಟೆಂಬರ್ 14ರಂದು ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ಯು.ಯು. ಲಲಿತ್ ತೀರ್ಪು ಕೊಟ್ಟರು. ಆರೋಗ್ಯದ ಹಕ್ಕು, ಮಕ್ಕಳನ್ನು ಹೆರುವ ಅಥವಾ ಹೆರದಿರುವ ಹಕ್ಕು ಎರಡೂ ಸಂವಿಧಾನದ 21ನೇ ವಿಧಿಯಲ್ಲೇ ಬರುತ್ತವೆ ಎಂದರು. ಮೂರು ವರ್ಷದಲ್ಲಿ ಶಿಬಿರಗಳನ್ನು ನಿಲ್ಲಿಸಿ, ಆಪರೇಷನ್ನಿಗೆ ಗುರಿ ನಿಗದಿ ಮಾಡಬೇಡಿ ಎಂದರು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಇಷ್ಟು. ಒಪ್ಪಿಗೆಯ ಬಗ್ಗೆ ಅವರು ಹೇಳಿದ ಸಣ್ಣ ಮಾತೊಂದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಚೆಕ್‌ಲಿಸ್ಟಿನಲ್ಲಿ ಇರುವುದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಆಪರೇಷನ್ನಿನ ಪರಿಣಾಮ ಏನೆಂದು ಮನದಟ್ಟು ಮಾಡಬೇಕು, ಆಮೇಲೆ ಸುಮಾರು ಒಂದು ಗಂಟೆ ಬಿಡಬೇಕು. ಮನಸ್ಸು ಬದಲಾದರೆ ಎದ್ದು ಹೋಗಲು ಆ ಒಂದು ಗಂಟೆ. ಜೀವನಪೂರ್ತಿ ಉಳಿಯುವ ತೀರ್ಮಾನಕ್ಕೆ ಒಂದು ಗಂಟೆ ಏನೇನೂ ಅಲ್ಲ, ನಿಜ. ಆದರೆ ಎರಡೂಕಾಲು ನಿಮಿಷದ ಪಕ್ಕದಲ್ಲಿಟ್ಟು ನೋಡಿದರೆ ಅದು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಈ ಕಾಯುವಿಕೆಯ ಇನ್ನೊಂದು ತುದಿ ಅಮೆರಿಕದಲ್ಲಿದೆ. ಅಲ್ಲಿ ಬಡ, ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ಹೆಂಗಸರಿಗೆ ಗೊತ್ತಿಲ್ಲದಂತೆ ಸಂತಾನಹರಣ ಮಾಡಿದ ಪ್ರಕರಣಗಳು ಎಪ್ಪತ್ತರ ದಶಕದಲ್ಲಿ ಬಯಲಾದ ಮೇಲೆ, ಸರ್ಕಾರಿ ವಿಮೆಯಾದ ಮೆಡಿಕೇಡ್ ಹಣ ಕೊಡಬೇಕಾದರೆ ಸಹಿ ಹಾಕಿ 30 ದಿನ ಕಾಯಬೇಕು, ವಯಸ್ಸು 21 ಆಗಿರಬೇಕು ಎಂಬ ನಿಯಮ ಬಂತು. ಈಗ ಅಲ್ಲಿನ ವೈದ್ಯರದ್ದೇ ತಕರಾರು: ಫಾರ್ಮು ಸಮಯಕ್ಕೆ ಸಿಗದೆ, ಬೇಕೆಂದ ಬಡ ಹೆಂಗಸಿಗೆ ಆಪರೇಷನ್ ಇಲ್ಲ, ಖಾಸಗಿ ವಿಮೆ ಇರುವವಳಿಗೆ ಆ ಕಾಯುವಿಕೆಯೇ ಇಲ್ಲ. ಕಾಪಾಡಲು ಕಟ್ಟಿದ ಬೇಲಿ ದಾರಿಗೇ ಅಡ್ಡ ಬಂದಿದೆ.

ಗಂಡನ ಸಹಿಗೆ ಮರಳಿದರೆ, ಆಸ್ಪತ್ರೆಗಳು ಅದನ್ನು ಕೇಳುವುದು ಏಕೆ? ನಾಳೆ ಗಂಡನ ಕಡೆಯವರು ಹತ್ತು ಜನ ಬಂದು ಗಲಾಟೆ ಮಾಡಿದರೆ ತೋರಿಸಲು ಒಂದು ಕಾಗದ ಬೇಕು, ಅಷ್ಟೇ. ಅವರ ಭಯಕ್ಕೆ ತುಸು ಆಧಾರವೂ ಇದೆ. ವಿಚ್ಛೇದನದ ಪ್ರಕರಣವೊಂದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯಕ್ಕೆ ಒಂದಷ್ಟು ಉದಾಹರಣೆ ಕೊಟ್ಟಿತು. ವೈದ್ಯಕೀಯ ಕಾರಣವಿಲ್ಲದೆ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಅಥವಾ ಗೊತ್ತಿಲ್ಲದೆ ಗಂಡನೋ ಹೆಂಡತಿಯೋ ಸಂತಾನಹರಣ ಮಾಡಿಸಿಕೊಂಡರೆ ಅದು ಕ್ರೌರ್ಯ ಆಗಬಹುದು ಎಂಬುದೂ ಆ ಪಟ್ಟಿಯಲ್ಲಿದೆ. (ತೀರ್ಪಿನಲ್ಲಿ ಹೆಂಡತಿಗೆ ‘ವ್ಯಾಸೆಕ್ಟಮಿ’ ಎಂದೇ ಅಚ್ಚಾಗಿದೆ, ಯಾರೂ ತಿದ್ದುವ ಗೋಜಿಗೆ ಹೋದಂತಿಲ್ಲ.) ಆದರೆ ಇದು ಗಂಡ ಹೆಂಡಿರ ನಡುವಿನ ಮಾತು, ಕೌಟುಂಬಿಕ ನ್ಯಾಯಾಲಯದಲ್ಲಿ ತೂಗುವ ಮಾತು. ಇದರಿಂದ ವೈದ್ಯರ ಮೇಲೆ ಗಂಡನ ಅನುಮತಿ ಕೇಳುವ ಕರ್ತವ್ಯ ಬಂದು ಬೀಳುವುದಿಲ್ಲ. ಇಬ್ಬರೂ ಕೂತು ಮಾತಾಡಿ ತೀರ್ಮಾನಿಸುವುದು ಒಳ್ಳೆಯದು, ಯಾರೂ ಇಲ್ಲ ಎನ್ನುವುದಿಲ್ಲ. ಆ ಮಾತುಕತೆ ನಡೆಯುವ ಜಾಗ ಮನೆ, ಆಸ್ಪತ್ರೆಯ ಕೌಂಟರ್ ಅಲ್ಲ.

ಸಂಬಂಧಿಕರ ಒಪ್ಪಿಗೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2008ರ ಜನವರಿಯ ಇನ್ನೊಂದು ತೀರ್ಪು ಇದೆ. ದೆಹಲಿಯ 44 ವರ್ಷದ ಅವಿವಾಹಿತೆಯೊಬ್ಬರು ರೋಗಪತ್ತೆಯ ಲ್ಯಾಪ್ರೋಸ್ಕೋಪಿಗೆ ಒಪ್ಪಿ ಮಲಗಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ಆ ತೀರ್ಪು ಹೇಳಿದ್ದು ಇಷ್ಟು: ಪ್ರಾಪ್ತ ವಯಸ್ಸಿನ, ಬುದ್ಧಿ ಸ್ಥಿಮಿತ ಇರುವ ರೋಗಿಯ ಬದಲು ಇನ್ನೊಬ್ಬರು ಒಪ್ಪುವಂತಿಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಆಗುವುದಿಲ್ಲ, ಪ್ರಾಣಕ್ಕೆ ಆ ಗಳಿಗೆಯಲ್ಲೇ ಕುತ್ತು ಇದ್ದರೆ ಮಾತ್ರ ಬೇರೆ ಮಾತು. ‘ಹೇಗೂ ಹೊಟ್ಟೆ ತೆರೆದಿದ್ದೇವೆ’ ಎಂಬ ವಾದ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ: 2015ರ ಸುಮಾರಿಗೆ ಅಲ್ಲಿನ ಲಂಬಾಣಿ, ದಲಿತ ಹೆಣ್ಣುಮಕ್ಕಳು ಸಣ್ಣಪುಟ್ಟ ಹೊಟ್ಟೆನೋವಿಗೆ ಆಸ್ಪತ್ರೆಗೆ ಹೋದರೆ ತಮ್ಮ ಗರ್ಭಕೋಶವನ್ನೇ ತೆಗೆದು ಕಳಿಸಿದರೆಂದು ಬೀದಿಗಿಳಿದಿದ್ದರು.

ಅಂಗವಿಕಲರ ವಿಷಯದಲ್ಲಿ ‘ಅವರ ಒಳ್ಳೆಯದಕ್ಕೇ’ ಎಂಬ ಮಾತು ಇನ್ನೂ ಸುಲಭವಾಗಿ ಬಾಯಿಗೆ ಬರುತ್ತದೆ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಯುವತಿಯರ ಗರ್ಭಕೋಶ ತೆಗೆಸಿದಾಗ ಕೊಟ್ಟ ಸಮರ್ಥನೆ ಮುಟ್ಟಿನ ಶುಚಿತ್ವದ್ದು. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಂ, ಸ್ವತಃ ಅವರ ಮುಕ್ತ ಹಾಗೂ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡಕೂಡದು ಎನ್ನುತ್ತದೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆಯೆಂದು ಸಂತಾನಹರಣ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಎಚ್‌ಐವಿ ಇರುವ ಗರ್ಭಿಣಿಯ ಒಪ್ಪಿಗೆಯ ಬಗ್ಗೆಯೂ ಅದೇ ವರ್ಷದ ಎಚ್‌ಐವಿ ಕಾಯ್ದೆಯಲ್ಲಿ ರಕ್ಷಣೆ ಇದೆ.

ಬೇಡ ಎನ್ನುವವರಿಗೆ ಮಾಡುವುದು ಒಂದು ಅನ್ಯಾಯವಾದರೆ, ಬೇಕು ಎನ್ನುವವರನ್ನು ವಾಪಸು ಕಳಿಸುವುದು ಇನ್ನೊಂದು. ಸರ್ಕಾರಿ ಮಾನದಂಡದ ಪ್ರಕಾರ ಮದುವೆಯಾಗಿರಬೇಕು ಅಥವಾ ಆಗಿದ್ದವರಾಗಿರಬೇಕು. ಹೆಂಗಸಿನ ವಯಸ್ಸು 22 ದಾಟಿರಬೇಕು, 49 ಮೀರಿರಬಾರದು. ಒಂದು ಮಗುವಾದರೂ ಇರಬೇಕು, ಅದಕ್ಕೆ ಒಂದು ವರ್ಷ ತುಂಬಿರಬೇಕು. ವೈದ್ಯಕೀಯ ಕಾರಣವಿದ್ದರೆ ಮಗುವಿನ ಈ ಷರತ್ತಿಗೆ ವಿನಾಯಿತಿ. ಮಗುವಿನ ವಯಸ್ಸಿನ ಷರತ್ತು ನನಗೆ ಅರ್ಥವಾಗುತ್ತದೆ; ಮೊದಲ ವರ್ಷದಲ್ಲಿ ಕೂಸುಗಳನ್ನು ಕಳೆದುಕೊಂಡ ದೇಶ ಇದು. ಆದರೆ ಮಕ್ಕಳೇ ಬೇಡವೆಂದು ಯೋಚಿಸಿ ತೀರ್ಮಾನಿಸಿದ ಮೂವತ್ತೈದರ ಅವಿವಾಹಿತೆಗೆ ಈ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮದುವೆ ಆಗಿರಬೇಕು, ಆದರೆ ಗಂಡನನ್ನು ಕೇಳಬೇಕಿಲ್ಲ: ಎರಡು ಕಾಲದ ಯೋಚನೆಗಳು ಒಂದೇ ಪುಟದಲ್ಲಿ ಕೂತಿವೆ.

‘ಆಮಿಷವಿಲ್ಲದೆ’ ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳುವ ಸರ್ಕಾರವೇ ಹಣವನ್ನೂ ಕೊಡುತ್ತದೆ. ಕೂಲಿ ನಷ್ಟದ ಪರಿಹಾರ ಎಂದು ಅದರ ಹೆಸರು. 2007ರ ಪರಿಷ್ಕರಣೆಯಲ್ಲಿ ವ್ಯಾಸೆಕ್ಟಮಿಗೆ 1,100 ರೂಪಾಯಿ, ಬಡ ಹೆಂಗಸಿನ ಟ್ಯುಬೆಕ್ಟಮಿಗೆ 600, ಕರೆತಂದವರಿಗೂ ಒಂದಿಷ್ಟು. 1996ರಲ್ಲೇ ಗುರಿ ಪದ್ಧತಿ ರದ್ದಾಯಿತು ಎನ್ನುತ್ತಾರೆ. ಆದರೆ 2020ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದಲ್ಲಿ ಒಬ್ಬ ಗಂಡಸನ್ನಾದರೂ ವ್ಯಾಸೆಕ್ಟಮಿಗೆ ತರದ ಆರೋಗ್ಯ ಕಾರ್ಯಕರ್ತರ ಸಂಬಳ ತಡೆಯುವ ಆದೇಶ ಹೊರಟು, ಗದ್ದಲವಾದ ಮೇಲೆ ವಾಪಸಾಯಿತು. ಇನ್ನೊಂದು ಒತ್ತಡ ಇದಕ್ಕಿಂತ ಮೆತ್ತಗಿನದು: ಗರ್ಭಪಾತಕ್ಕೆ ಬಂದವಳಿಗೆ ‘ಆಪರೇಷನ್‌ಗೂ ಒಪ್ಪಿದರೆ ಮಾತ್ರ’ ಎನ್ನುವುದು. ಗರ್ಭಪಾತದ ಕಾಯ್ದೆಯಲ್ಲಿ ಅಂಥ ಷರತ್ತು ಇಲ್ಲ. ಅಲ್ಲೂ ಪ್ರಾಪ್ತ ವಯಸ್ಕಳಾದ ಹೆಂಗಸಿನ ಒಪ್ಪಿಗೆಯೊಂದೇ ಸಾಕು.

ಆಪರೇಷನ್ ಆದರೂ ಗರ್ಭ ನಿಂತರೆ? ಹರಿಯಾಣದ ಏಳು ಮಕ್ಕಳ ಕೂಲಿ ತಾಯಿಯೊಬ್ಬಳಿಗೆ 1988ರಲ್ಲಿ ಬಲಗಡೆಯ ನಾಳವನ್ನಷ್ಟೇ ಕಟ್ಟಿ, ಎಡಗಡೆಯದನ್ನು ಮರೆತು, ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದರು. ಎಂಟನೆಯದಾಗಿ ಹುಟ್ಟಿದ ಹೆಣ್ಣುಮಗುವನ್ನು ಸಾಕುವ ಖರ್ಚಿಗೆ ಸರ್ಕಾರ 54,000 ರೂಪಾಯಿ ಕೊಡಬೇಕೆಂಬ ಆದೇಶವನ್ನು 2000ದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2005ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಅದೇ ಕೋರ್ಟ್ ಗೆರೆ ಎಳೆಯಿತು: ಎಷ್ಟು ಚೆನ್ನಾಗಿ ಮಾಡಿದರೂ ಕೆಲವು ಆಪರೇಷನ್ ವಿಫಲವಾಗುತ್ತವೆ, ಗರ್ಭ ನಿಂತ ಮಾತ್ರಕ್ಕೆ ವೈದ್ಯರು ನಿರ್ಲಕ್ಷ್ಯ ಮಾಡಿದರು ಎನ್ನಲಾಗದು. ಒಪ್ಪಿಗೆ ಪತ್ರದಲ್ಲಿ ‘ವಿಫಲವಾಗಬಹುದು’ ಎಂಬ ಸಾಲಿನ ತೂಕ ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಅದನ್ನು ಬಾಯಿಬಿಟ್ಟು ಹೇಳದೆ ಸಹಿ ಹಾಕಿಸಿದ್ದರೆ, ನಂತರ ಮುಟ್ಟು ನಿಂತಾಗ ಹೆಂಗಸು ಅದನ್ನು ಗರ್ಭ ಎಂದುಕೊಳ್ಳುವುದೇ ಇಲ್ಲ. ಎರಡು ವಾರದ ಗಡುವು ಹಾಗೇ ಕಳೆದುಹೋಗುತ್ತದೆ. ಕೆಲವು ಮನೆಗಳಲ್ಲಿ ಆಕೆಯ ಶೀಲದ ಮಾತೂ ಎದ್ದುಬಿಡುತ್ತದೆ.

ನಿರ್ಲಕ್ಷ್ಯ ಸಾಬೀತುಪಡಿಸುವ ಗೋಜಿಲ್ಲದೆ ಪರಿಹಾರ ಪಡೆಯಲು 2013ರಿಂದ ಕೇಂದ್ರದ ಕುಟುಂಬ ಯೋಜನೆ ನಷ್ಟಭರ್ತಿ ಯೋಜನೆ ಇದೆ. ಶುರುವಿನಲ್ಲಿ ಆಪರೇಷನ್ ವಿಫಲವಾದರೆ 30,000 ರೂಪಾಯಿ, ಏಳು ದಿನದೊಳಗೆ ಸಾವು ಸಂಭವಿಸಿದರೆ 2 ಲಕ್ಷ ಎಂದಿತ್ತು. ಅರ್ಜಿಯನ್ನು 90 ದಿನದೊಳಗೆ ಕೊಡಬೇಕು, ಒಪ್ಪಿಗೆ ಪತ್ರದ ಪ್ರತಿ ಮತ್ತು ಸಂತಾನಶಕ್ತಿಹರಣದ ಪ್ರಮಾಣಪತ್ರ ಜೊತೆಗಿರಬೇಕು. ಆ ಪ್ರಮಾಣಪತ್ರ ಡಿಸ್ಚಾರ್ಜ್ ದಿನ ಸಿಗುವುದಿಲ್ಲ. ಹೆಂಗಸರು ತಿಂಗಳ ನಂತರ ಮತ್ತೆ ಹೋಗಿ ಕೇಳಿ ಪಡೆಯಬೇಕು. ಗಂಡಸರು ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಅದರಲ್ಲಿ ವೀರ್ಯಾಣು ಇಲ್ಲ ಎಂದು ಖಾತ್ರಿಯಾದ ಮೇಲೆ.